ಪಕ್ಕಾ ಮನೆಯ ಕಚ್ಚಾ ಲೆಕ್ಕ

"ಪಕ್ಕಾ" ಅನ್ನೋ ಪದ ಕೇಳಿದ್ರೆ ಇತ್ತೀಚೆಗೆ ನನಗೆ ಮೈ ಉರಿಯುತ್ತೆ. ಪಕ್ಕಾ ಲೋಕಲ್, ಪಕ್ಕಾ ಲೆಕ್ಕ, ಪಕ್ಕಾ ಕಳ್ಳ... ಇವಕ್ಕೆಲ್ಲ ನನ್ನ ತಕರಾರಿಲ್ಲ. ನನ್ನ ಜಗಳ ಏನಿದ್ರೂ "ಪಕ್ಕಾ ಮನೆ" ಅನ್ನೋ ಎರಡು ಪದಗಳ ಜೊತೆ. ಹಿಮಾಚಲದ ಗುಡ್ಡಗಳಲ್ಲಿ ತಲೆಮಾರುಗಟ್ಟಲೆ ನಿಂತ ಮನೆಗಳನ್ನ ಈ ಎರಡು ಪದ ಸೇರಿ ಒಂದೊಂದಾಗಿ ಕೆಡವ್ತಾ ಇವೆ. ಹಿಮ ಕೆಡವಲಿಲ್ಲ, ಭೂಕಂಪ ಕೆಡವಲಿಲ್ಲ, ಒಂದು ವಿಶೇಷಣ ಕೆಡವ್ತಿದೆ. ನಗು ಬರ್ತಿದೆಯಾ? ನನಗೂ ಮೊದಲು ಬಂದಿತ್ತು :)

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಈ ಚಳಿಗಾಲ ಡಿಸೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗೆ ನಾನಿದ್ದದ್ದು ಕುಲ್ಲು ಜಿಲ್ಲೆಯಲ್ಲಿ. ಬಂಜಾರ್‌ನಿಂದ ಜಲೋಡಿ ಪಾಸ್ ಕಡೆ ಹತ್ತುವ ರಸ್ತೆ ಬಿಟ್ಟು ಮುಕ್ಕಾಲು ಗಂಟೆ ಕಾಲುದಾರಿ ಹಿಡಿದರೆ ಸಿಗೋ ಒಂದು ಹಳ್ಳಿ. ನನ್ನ ಟೀಮಿನಲ್ಲೇ ಕೆಲಸ ಮಾಡೋ ಗೆಳೆಯನ ಊರು ಅದು. ಅವನ ಅಜ್ಜಿ (ಅಲ್ಲಿ ಎಲ್ಲರಿಗೂ ದಾದಿ, ಹಾಗಾಗಿ ನನಗೂ ದಾದಿ) ಇನ್ನೂ ಹಳೇ ಮನೆಯಲ್ಲೇ ಇದ್ದಾರೆ. ಗೆಳೆಯನ ಚಿಕ್ಕಪ್ಪಂದಿರು ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಅದನ್ನ ಕೆಡವಿ "ಪಕ್ಕಾ" ಕಟ್ಟೋದು ಅಂತ ತೀರ್ಮಾನ ಮಾಡಿ, ಠೇಕೆದಾರನಿಗೆ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು. ಗೆಳೆಯ ಒಂದೇ ಒಂದು ಚಳಿಗಾಲ ಕೇಳಿಕೊಂಡ. "ನಾನು ರಿಪೇರಿ ಮಾಡಿಸ್ತೀನಿ. ದಾದಿ ಈ ಚಳಿಗಾಲ ಅಲ್ಲೇ ಬೆಚ್ಚಗಿದ್ರೆ ಕೆಡವಬೇಡಿ" ಅಂತ. ಇಬ್ಬರಿಗೂ ಮನೆಯಿಂದಲೇ ಕೆಲಸ ಮಾಡೋ ಅನುಮತಿ ಇತ್ತು. ಮಧ್ಯಾಹ್ನ ಮೂರರವರೆಗೆ ಮಣ್ಣು, ಮೂರರ ಮೇಲೆ ಲ್ಯಾಪ್‌ಟಾಪ್.

ಇನ್ನು ಆ ಮನೆ. ಅದನ್ನ ಕಾಠ್‌ಕುಣಿ ಅಂತಾರೆ. ಕಾಠ್ ಅಂದ್ರೆ ಮರ, ಕುಣಿ ಅಂದ್ರೆ ಮೂಲೆ. ದೇವದಾರು ಮರದ ಎರಡು ಉದ್ದನೆ ತೊಲೆಗಳನ್ನ ಗೋಡೆಯ ಒಳಮೈಗೊಂದು ಹೊರಮೈಗೊಂದು ಮಲಗಿಸಿ, ಮಧ್ಯದ ಜಾಗಕ್ಕೆ ಕಲ್ಲು ತುಂಬ್ತಾರೆ. ಅದರ ಮೇಲೆ ಒಂದು ಸಾಲು ಕಲ್ಲು. ಮತ್ತೆ ಮರ. ಮತ್ತೆ ಕಲ್ಲು. ಎರಡು ತೊಲೆ ಅಗಲವಾಗಿ ಹೋಗದಂತೆ ಅಡ್ಡಕ್ಕೆ ಮಾನ್ವಿ ಅನ್ನೋ ಮರದ ಕಟ್ಟು. ಮೂಲೆಯಲ್ಲಿ ಎರಡು ಗೋಡೆಗಳ ತೊಲೆಗಳು ಒಂದರ ಮೇಲೊಂದು ಕೈ ಹಾಕಿಕೊಂಡು ಕೂತಿರ್ತವೆ. ಸಿಮೆಂಟ್ ಇಲ್ಲ, ಸುಣ್ಣ ಇಲ್ಲ. ಕಬ್ಬಿಣದ ಮೊಳೆಯ ಬದಲು ಮರದ ಬೆಣೆ. ಕೆಳಗೆ ಕೊಟ್ಟಿಗೆ, ಮೇಲೆ ಕಾಳು ಕಡ್ಡಿ, ಅದರ ಮೇಲೆ ಜನ. ಛಾವಣಿಗೆ ಸ್ಲೇಟು ಕಲ್ಲು, ನಾವು ಅ ಆ ಇ ಈ ತಿದ್ದಿದ್ದೆವಲ್ಲ ಅದೇ ಸ್ಲೇಟು.

ಈಗ ಮಜಾ ನೋಡಿ. ನಮ್ಮ ದೇಶದ ಸರ್ಕಾರಿ ಸಮೀಕ್ಷೆಗಳಲ್ಲಿ ಮನೆಗಳನ್ನ ಪಕ್ಕಾ, ಅರೆಪಕ್ಕಾ, ಕಚ್ಚಾ ಅಂತ ವಿಂಗಡಿಸೋಕೆ ಒಂದು ಸಾಮಾನಿನ ಪಟ್ಟಿ ಇದೆ. ಸಿಮೆಂಟ್, ಸುಟ್ಟ ಇಟ್ಟಿಗೆ, ತಗಡು, ಆಸ್ಬೆಸ್ಟಾಸ್, ಪ್ಲೈವುಡ್, ಕೊನೆಗೆ ಪಿವಿಸಿ ಕೂಡ ಪಕ್ಕಾ! ಮಣ್ಣು, ಹಸಿ ಇಟ್ಟಿಗೆ, ಬಿದಿರು, ಹುಲ್ಲು ಕಚ್ಚಾ. ಅದೇ ಕಚ್ಚಾ ಸಾಲಿನಲ್ಲಿ "ಸಡಿಲವಾಗಿ ಜೋಡಿಸಿದ ಕಲ್ಲು" ಕೂಡ ಇದೆ. 2011ರ ಜನಗಣತಿಯಲ್ಲೂ ಗೋಡೆ ಯಾವುದರದ್ದು ಅನ್ನೋ ಪ್ರಶ್ನೆಗೆ ಗಾರೆ ಇರೋ ಕಲ್ಲು ಒಂದು ಉತ್ತರ, ಗಾರೆ ಇಲ್ಲದ ಕಲ್ಲು ಬೇರೆ ಉತ್ತರ. ಮರ ಇನ್ನೊಂದು. ಸರಿ ಸ್ವಾಮಿ, ಮರವೂ ಗಾರೆಯಿಲ್ಲದ ಕಲ್ಲೂ ಸೇರಿ ಒಂದೇ ಗೋಡೆ ಆಗಿದ್ರೆ? ಡ್ರಾಪ್‌ಡೌನ್‌ನಲ್ಲಿ ಆಯ್ಕೆ ಇಲ್ಲ. ಸಾಫ್ಟ್‌ವೇರ್‌ನವರಿಗೆ ಈ ರೋಗ ಚೆನ್ನಾಗಿ ಗೊತ್ತು. ಡೇಟಾ ಮಾಡೆಲ್ ತಪ್ಪಿದ್ರೆ ಅದನ್ನ ಸರಿ ಮಾಡೋ ಬದಲು ಬಳಕೆದಾರನಿಗೇ "ನಿನ್ನ ಹೆಸರೇ ಸರಿ ಇಲ್ಲ" ಅಂತ ಎರರ್ ಮೆಸೇಜ್ ಕೊಡ್ತೀವಲ್ಲ, ಹಾಗೆ.

ಇನ್ನೂ ಮಜಾ ಇದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಪಕ್ಕಾ ಮನೆ ಅಂದ್ರೆ ಏನು ಅಂತ ಬರೆದಿದ್ದಾರೆ. ಸಾಧಾರಣ ನಿಗಾ ಇಟ್ಟುಕೊಂಡ್ರೆ ಹವಾಮಾನದ ಹೊಡೆತ ತಡೆದು ಕನಿಷ್ಠ 30 ವರ್ಷ ಬಾಳಬೇಕು. ಮೂವತ್ತು! ದಾದಿಯ ಅತ್ತೆ ಮದುವೆಯಾಗಿ ಬಂದಾಗಲೇ ಈ ಮನೆ ಹಳೇದಾಗಿತ್ತಂತೆ. ಅಂದ್ರೆ ಅದೇ ವ್ಯಾಖ್ಯೆ ಪ್ರಕಾರ ಈ ಮನೆ ಮೂರ್ನಾಲ್ಕು ಸಲ ಪಾಸ್ ಆಗಿದೆ. ಯೋಜನೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸೂರೇ ಇಲ್ಲದವನಿಗೆ ನಾಲ್ಕು ಗೋಡೆ ಬಂದ್ರೆ ಅದರ ಬೆಲೆ ನನ್ನಂಥ ಸಂಬಳದವನಿಗೆ ಅರ್ಥ ಆಗಲ್ಲ. ಗೆಳೆಯನ ಮನೆಯವರಿಗೆ ಈ ಯೋಜನೆಯ ದುಡ್ಡು ಬರೋದೂ ಇಲ್ಲ, ಅವರು ಆ ಪಟ್ಟಿಗೆ ಸೇರೋರಲ್ಲ. ಆದ್ರೆ ಪದ ಮಾತ್ರ ಅವರ ಮನೆಗೂ ಬಂದು ಕೂತಿದೆ. ಹೆಣ್ಣು ಕೇಳೋಕೆ ಹೋದ್ರೆ "ಮನೆ ಪಕ್ಕಾನಾ?" ಅಂತಾರಂತೆ. ಚಿಕ್ಕಪ್ಪನ ಮಗನಿಗೆ ಮದುವೆ ವಯಸ್ಸು. ಅವರ ಕಷ್ಟ ಅವರಿಗೆ.

ಸರಿ, ಪಕ್ಕಾ ಮನೆ ಚಳಿಗಾಲದಲ್ಲಿ ಹೇಗಿರುತ್ತೆ ಅಂತ ಕೇಳಿ. ಮೊದಲ ಹತ್ತು ದಿನ ನಾನು ಮಲಗಿದ್ದು ಕೆಳಗಿನ ಕೇರಿಯ ಚಿಕ್ಕಪ್ಪನ ಹೊಸ ಮನೆಯಲ್ಲಿ. ಪಿಲ್ಲರ್, ಸ್ಲ್ಯಾಬ್, ಅರ್ಧ ಇಟ್ಟಿಗೆ ಗೋಡೆ, ಟೈಲ್ಸ್, ಗುಲಾಬಿ ಬಣ್ಣ. ಬೆಳಿಗ್ಗೆ ಎದ್ರೆ ಬಚ್ಚಲಿನ ಬಕೆಟ್ಟಿನ ನೀರಿನ ಮೇಲೆ ಐಸಿನ ಕೆನೆ. ಮನೆಯೊಳಗೆ! ಅದೇ ದಿನ ದಾದಿಯ ಮನೆಯ ಹಂಡೆ ನೀರು ಬರೀ ತಣ್ಣಗಿತ್ತು, ಅಷ್ಟೇ. ಇದರಲ್ಲಿ ಪವಾಡ ಏನಿಲ್ಲ, ಪಿಯುಸಿ ಫಿಸಿಕ್ಸ್. ಕಾಂಕ್ರೀಟ್‌ಗಿಂತ ಮರದಲ್ಲಿ ಶಾಖ ಹೆಚ್ಚುಕಡಿಮೆ ಹತ್ತು ಪಟ್ಟು ನಿಧಾನವಾಗಿ ಹರಿಯುತ್ತೆ. ಕಲ್ಲು ಒಂದೇ ಆಗಿದ್ರೆ ಅದೂ ಕಾಂಕ್ರೀಟಿನಷ್ಟೇ ದರಿದ್ರ, ಸುಳ್ಳು ಹೇಳಬಾರದು. ಆದ್ರೆ ಈ ಗೋಡೆ ಒಂದೂವರೆ ಅಡಿ ದಪ್ಪ, ಮಧ್ಯೆ ಮಧ್ಯೆ ಮರ, ಒಳಗೆ ಮಣ್ಣಿನ ಪದರ, ಕಿಟಕಿಗಳು ಪುಟಾಣಿ, ಸೂರು ತಗ್ಗು, ಕೆಳಗೆ ಎರಡು ಹಸು ಒಂದು ಹೋರಿ ರಾತ್ರಿಯಿಡೀ ಉಚಿತ ಹೀಟರ್. ಇದರ ಮೇಲೆ ತಂದೂರ್ ಹೊತ್ತಿಸಿದ್ರೆ ಮುಗೀತು. (ತಂದೂರ್ ಅಂದ್ರೆ ರೋಟಿ ಸುಡೋದಲ್ಲ, ತಗಡಿನ ಒಲೆ, ಹೊಗೆಗೆ ಕೊಳವೆ ಇರುತ್ತೆ.) ಚಿಕ್ಕಪ್ಪನ ಮನೆಯಲ್ಲಿ ತಂದೂರ್ ಆರಿದ ಅರ್ಧ ಗಂಟೆಗೆ ಗೋಡೆ ನಿಮ್ಮ ಮೈಯಿಂದ ಶಾಖ ಹೀರೋಕೆ ಶುರು ಮಾಡುತ್ತೆ. ಅವರೇ ಒಪ್ಕೊಳ್ತಾರೆ. "ಸರ್ದಿ ಜಾಸ್ತಿ, ಆದ್ರೆ ಪಕ್ಕಾ ಅಲ್ವಾ" ಅಂತಾರೆ. ಏನು ಹೇಳೋಣ?

ಕೆಡವಬೇಕು ಅನ್ನೋದಕ್ಕೆ ಅವರು ಕೊಡ್ತಿದ್ದ ದೊಡ್ಡ ಕಾರಣ ಉತ್ತರದ ಮೂಲೆ. ಅಲ್ಲಿ ಮನೆ ನಾಲ್ಕು ಬೆರಳು ಕುಸಿದಿತ್ತು. "ಹಳೇ ಮರ, ಕೊಳೆತಿದೆ, ಇನ್ನೆಷ್ಟು ದಿನ" ಅಂದ್ರು ಠೇಕೆದಾರರು, ಬೆರಳಲ್ಲಿ ತಟ್ಟಿ. ಮಿಸ್ತ್ರಿ ಮಾತ್ರ ಏನೂ ಹೇಳದೆ ಸುತ್ತಿಗೆ ತಗೊಂಡು ಗೋಡೆಯ ಕೆಳಭಾಗದ ಸಿಮೆಂಟ್ ಪ್ಲಾಸ್ಟರ್ ಕಿತ್ತರು. ಹೌದು, ಅಲ್ಲಿ ಸಿಮೆಂಟ್ ಇತ್ತು. ಹದಿನೈದು ವರ್ಷದ ಹಿಂದೆ ಯಾರೋ "ಗಟ್ಟಿ ಆಗಲಿ" ಅಂತ ಸೊಂಟದೆತ್ತರಕ್ಕೆ ಬಳಿಸಿದ್ದು. ಅದರ ಹಿಂದಿನ ಎರಡು ತೊಲೆ ನೆನೆದ ಬ್ರೆಡ್ ಥರ ಆಗಿದ್ವು. ಅದಕ್ಕಿಂತ ಒಂದಡಿ ಮೇಲೆ, ಸಿಮೆಂಟ್ ಮುಟ್ಟದ ತೊಲೆ, ಅದೇ ಕಾಲದ್ದು, ಅದೇ ಮರದ್ದೇ ಇರಬಹುದು, ಮಳೆ ಹಿಮ ಎಲ್ಲ ಮೈ ಮೇಲೆ ತಗೊಂಡು ಕಪ್ಪಗಾಗಿದೆ. ಉಳಿ ಇಟ್ಟು ಹೊಡೆದ್ರೆ ಟಣ್ ಅನ್ನುತ್ತೆ, ಕೆತ್ತಿದ ಕಡೆ ದೇವದಾರಿನ ವಾಸನೆ ಬರುತ್ತೆ.

ಇಲ್ಲಿ ಸ್ವಲ್ಪ ನಿಲ್ಲಿ, ಇದೇ ಮುಖ್ಯ. ಗೋಡೆಗೆ ನೀರು ಹೋಗೇ ಹೋಗುತ್ತೆ. ನೆಲದಿಂದ, ಹಿಮದಿಂದ, ಒಳಗೆ ಅಡುಗೆ ಮಾಡೋ ಹಬೆಯಿಂದ, ನಮ್ಮ ಉಸಿರಿಂದ. ಹಳೇ ಗೋಡೆಗೆ ಸಾವಿರ ಸಂದು ಇವೆ, ಹೋದ ನೀರು ಆರಿ ಹೊರಗೆ ಬರುತ್ತೆ. ಮಣ್ಣು ಕೂಡ ಹಾಗೇ, ಹೀರುತ್ತೆ, ಬಿಡುತ್ತೆ. ಸಿಮೆಂಟ್ ಪ್ಲಾಸ್ಟರ್ ಸುಲಭಕ್ಕೆ ಬಿಡಲ್ಲ. ಅದು ಬಿಗಿ. ಕಲ್ಲು ಮರ ಎರಡೂ ಚಳಿಗೆ ಬಿಸಿಲಿಗೆ ಒಂದೊಂದು ಥರ ಅಲ್ಲಾಡ್ತವೆ, ಸಿಮೆಂಟ್ ಅಲ್ಲಾಡಲ್ಲ, ಹಾಗಾಗಿ ಕೂದಲೆಳೆ ಬಿರುಕು ಬಿಡುತ್ತೆ. ಬಿರುಕಿನಿಂದ ನೀರು ಒಳಗೆ ಹೋಗುತ್ತೆ, ವಾಪಸ್ ಬರೋಕೆ ದಾರಿ ಇಲ್ಲ. ರಾತ್ರಿ ಅದು ಹೆಪ್ಪುಗಟ್ಟುತ್ತೆ. ನೀರು ಮಂಜುಗಡ್ಡೆ ಆಗುವಾಗ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ. ಬಿರುಕು ದೊಡ್ಡದಾಗುತ್ತೆ, ಹಗಲು ಕರಗುತ್ತೆ, ಇನ್ನಷ್ಟು ನೀರು. ಹೀಗೆ ಒಂದೊಂದು ಚಳಿಗಾಲಕ್ಕೆ ಎಷ್ಟು ರಾತ್ರಿ ಅಂತ ನೀವೇ ಲೆಕ್ಕ ಹಾಕಿ. ಅಂದ್ರೆ ಮನೆ ಕೊಳೆತದ್ದು ಹಳೇದು ಅಂತ ಅಲ್ಲ. ಪಕ್ಕಾ ಮಾಡೋಕೆ ಹೋಗಿದ್ದಕ್ಕೆ. ರೋಗ ಕೊಟ್ಟವರೇ ಈಗ ಬಂದು ರೋಗಿ ಬದುಕಲ್ಲ ಅಂತಿದ್ದಾರೆ!

ಆ ಮೂಲೆಯನ್ನ ಎತ್ತಿದ ಕಥೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ "ಹಳೇ ಮನೆ ರಿಪೇರಿ ಆಗಲ್ಲ" ಅನ್ನೋರಿಗೆ ಅದೇ ಉತ್ತರ. ಎರಡು ಲಾರಿ ಜ್ಯಾಕ್, ಆರು ಗಟ್ಟಿ ದಿಮ್ಮಿ, ನಾಲ್ಕು ಜನ, ಐದು ದಿನ. ಜ್ಯಾಕಿನ ಹಿಡಿ ದಿನಕ್ಕೆ ಇಷ್ಟೇ ತಿರುಗಿಸಬೇಕು ಅಂತ ಮಿಸ್ತ್ರಿ ಆಜ್ಞೆ. ಮನೆ ಕಿರ್ ಅಂದ್ರೆ ನಿಲ್ಲಿಸಬೇಕು, ಚಾ ಕುಡಿಯಬೇಕು. ಮೂಲೆ ಮೇಲೆದ್ದ ಮೇಲೆ ಕೊಳೆತ ಎರಡು ತೊಲೆ ಹೊರಗೆ, ಬೇರೆ ಎರಡು ತೊಲೆ ಒಳಗೆ, ಮಾನ್ವಿ ಕೂರಿಸಿದ್ದಾಯ್ತು, ಕಲ್ಲು ತುಂಬಿದ್ದಾಯ್ತು. ಮೇಲಿನ ಎರಡು ಅಂತಸ್ತು ಇದ್ದ ಹಾಗೇ ಇತ್ತು. ದಾದಿ ಮೇಲೆ ಕೂತು ಉಣ್ಣೆ ನೂಲ್ತಾ ಇದ್ರು. ಗಾರೆ ಇಲ್ಲದೆ ಜೋಡಿಸಿದ್ದು ಅಂತ ಯಾವುದನ್ನ ಕಚ್ಚಾ ಅಂತೀರೋ, ಅದೇ ಕಾರಣಕ್ಕೆ ಅದನ್ನ ಬಿಚ್ಚಿ ಒಂದು ಭಾಗ ಮಾತ್ರ ಬದಲಾಯಿಸಬಹುದು. ಮಾಡ್ಯುಲರ್ ಅಂತ ನಾವು ಪವರ್‌ಪಾಯಿಂಟ್‌ನಲ್ಲಿ ಕುಟ್ಟೋದು ಇದನ್ನೇ ತಾನೇ? ಒಳಗೆ ಸರಳು ತುಕ್ಕು ಹಿಡಿದ ಪಿಲ್ಲರ್‌ನಲ್ಲಿ ಹೀಗೆ ಮಾಡೋಕೆ ಬನ್ನಿ ನೋಡೋಣ.

ಆ ಬೇರೆ ಎರಡು ತೊಲೆ ಎಲ್ಲಿಂದ ಬಂತು ಅಂತ ಕೇಳಬೇಡಿ, ಹೇಳಿದ್ರೆ ಹೊಟ್ಟೆ ಉರಿಯುತ್ತೆ. ಪಕ್ಕದ ಹಳ್ಳಿಯಲ್ಲಿ ಕೆಡವಿದ ಇನ್ನೊಂದು ಕಾಠ್‌ಕುಣಿ ಮನೆಯದ್ದು. ಕೆತ್ತನೆ ಇದ್ದ ಬಾಗಿಲು ಕಂಬಗಳನ್ನೆಲ್ಲ ಯಾವುದೋ ರೆಸಾರ್ಟಿನವರು ಮೊದಲೇ ಹೊತ್ತೊಯ್ದಿದ್ರು, ರಿಸೆಪ್ಷನ್ನಿನ ಅಲಂಕಾರಕ್ಕೆ.

ಮಣ್ಣಿನ ಕೆಲಸಕ್ಕೆ ಚಳಿಗಾಲ ಸರಿಯಾದ ಕಾಲ ಅಲ್ಲ. ಆದ್ರೆ ಏಪ್ರಿಲ್ ಗಡುವು ಇತ್ತಲ್ಲ, ಏನು ಮಾಡೋದು. ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಕೊಳೆಯೋಕೆ ಇಡೋ ಗುಂಡಿ ಹೊರಗಿದ್ರೆ ರಾತ್ರಿ ಕಲ್ಲಾಗುತ್ತೆ. ಅದಕ್ಕೆ ಕೊಟ್ಟಿಗೆಯೊಳಗೇ ಹಸುಗಳ ಪಕ್ಕ ಡ್ರಮ್ಮಿನಲ್ಲಿಟ್ವಿ. ಬೆಳಿಗ್ಗೆ ಹತ್ತಕ್ಕೆ ಬಿಸಿಲು ಬಂದ ಮೇಲೆ ಮೆತ್ತೋದು, ಮೂರಕ್ಕೆ ನಿಲ್ಲಿಸೋದು, ರಾತ್ರಿಗೆ ಹಳೇ ಕಂಬಳಿ ಹೊದಿಸೋದು. ಕೂಸು ಮಲಗಿಸಿದ ಹಾಗೆ. ಜನವರಿಯಲ್ಲಿ ಒಂದು ರಾತ್ರಿ ಜೋರು ಗಾಳಿ ಹಿಮಕ್ಕೆ ಕಂಬಳಿ ಹಾರಿಹೋಗಿ ಹೊರಜಗಲಿಯ ಕಡೆ ಒಂದು ಪಟ್ಟಿ ಹೆಪ್ಪುಗಟ್ಟಿ ಪುಡಿಪುಡಿ ಉದುರಿತು. ಕೆರೆದು, ಅದೇ ಪುಡಿಗೆ ನೀರು ಹಾಕಿ ಕಲಸಿ, ಮತ್ತೆ ಮೆತ್ತಿದ್ವಿ. ನಷ್ಟ ಒಂದು ಮಧ್ಯಾಹ್ನ.

ಅದೇ ವಾರ ಕೆಳಗೆ ರಸ್ತೆ ಪಕ್ಕದಲ್ಲಿ ಒಬ್ಬರು ಸ್ಲ್ಯಾಬ್ ಹಾಕಿಸಿದ್ರು. ಹೊದಿಕೆ ಇಲ್ಲ, ಬಿಸಿನೀರಿಲ್ಲ, ಏನಿಲ್ಲ. ಕಾಂಕ್ರೀಟ್ ಬಲ ಕೂಡೋ ಮೊದಲೇ ಒಳಗಿನ ನೀರು ಹೆಪ್ಪುಗಟ್ಟಿದ್ರೆ ಅದು ಶಾಶ್ವತವಾಗಿ ಹಾಳು. ಆಮೇಲೆ ಎಷ್ಟು ಕ್ಯೂರಿಂಗ್ ಮಾಡಿದ್ರೂ ಪೂರ್ತಿ ಬಲ ಬರಲ್ಲ. ಇದು ನನ್ನ ಕಥೆಯಲ್ಲ. ಭಾರತೀಯ ಮಾನಕ ಬ್ಯೂರೋ ಚಳಿಯಲ್ಲಿ ಕಾಂಕ್ರೀಟ್ ಹಾಕೋದಕ್ಕೇ ಪ್ರತ್ಯೇಕ ಸಂಹಿತೆ ಮಾಡಿದೆ, ಐಎಸ್ 7861ರ ಎರಡನೇ ಭಾಗ. ಉಷ್ಣತೆ 5 ಡಿಗ್ರಿಗೆ ಇಳಿದ್ರೆ ಏನೇನು ಎಚ್ಚರ ತಗೋಬೇಕು ಅಂತ. ಓದಿದವರು ಯಾರು? ಆ ಸ್ಲ್ಯಾಬಿನ ಮೇಲ್ಮೈ ನಾಲ್ಕನೇ ದಿನಕ್ಕೆ ಹಪ್ಪಳದ ಹಾಗೆ ಏಳ್ತಿತ್ತು. ಅದರ ಮೇಲೆ ತೆಳ್ಳಗೆ ಸಿಮೆಂಟ್ ಸಾರಿಸಿ ಮುಚ್ಚಿದ್ರು. ಈಗ ಅದು ಪಕ್ಕಾ! ದಾದಿಯ ಮನೆ ಕಚ್ಚಾ. ಮಣ್ಣಿಗೆ ಅನ್‌ಡೂ ಇದೆ ಸ್ವಾಮಿ, ಕಾಂಕ್ರೀಟಿಗೆ ಇಲ್ಲ.

ಇನ್ನು ಭೂಕಂಪ. 1905ರ ಏಪ್ರಿಲ್ 4ರಂದು ಕಾಂಗ್ಡಾದಲ್ಲಿ ಆದ ಭೂಕಂಪದಲ್ಲಿ ಸತ್ತವರು ಸುಮಾರು 20 ಸಾವಿರ. ಕುಲ್ಲುವಿಗೂ ಜೋರಾಗೇ ತಟ್ಟಿತ್ತು. ಆದ್ರೆ ಇದೇ ಮರ-ಕಲ್ಲಿನ ನಗ್ಗರ್ ಕೋಟೆ ನಿಂತುಕೊಂಡಿತು, ಈಗಲೂ ನಿಂತಿದೆ, ಹೋಗಿ ನೋಡಬಹುದು. ಬಂಜಾರ್ ಹತ್ತಿರದ ಚೈಹಣಿ ಕೋಠಿ ಅನ್ನೋ ಗೋಪುರದ ಮೇಲಿನ ಕೆಲವು ಅಂತಸ್ತು ಆಗ ಬಿದ್ವು ಅಂತಾರೆ. ಉಳಿದದ್ದೇ ಕತ್ತು ನೋಯೋಷ್ಟು ಎತ್ತರ ಇದೆ. ಕಲ್ಲಿನ ಗೋಡೆಗೆ ಅಡ್ಡಡ್ಡ ಪಟ್ಟಿ ಕೊಡಿ, ಮೂಲೆ ಬಿಗಿಯಾಗಿ ಕಟ್ಟಿ, ಒಳಮೈ ಹೊರಮೈ ಸೇರಿಸಿ ಹಿಡಿಯೋ ಕಲ್ಲು ಇಡಿ ಅಂತ ಇವತ್ತಿನ ಭೂಕಂಪ ಸಂಹಿತೆಗಳು ಹೇಳ್ತವೆ. ತೊಲೆ, ಕುಣಿ, ಮಾನ್ವಿ ಮಾಡ್ತಿರೋದು ಇನ್ನೇನು?

2023ರ ಆಗಸ್ಟ್ 24ಕ್ಕೆ ಜಲೋಡಿ ಪಾಸಿನ ಆಚೆ ಬದಿಯ ಆನಿ ಪಟ್ಟಣದಲ್ಲಿ ಬಸ್ ನಿಲ್ದಾಣದ ಹತ್ತಿರದ ಬಹುಮಹಡಿ ಕಟ್ಟಡಗಳು ಒಂದರ ಹಿಂದೊಂದು ಕುಸಿದ ವಿಡಿಯೋ ನೀವೂ ನೋಡಿರ್ತೀರಿ. ಮೊದಲೇ ಜನರನ್ನ ಖಾಲಿ ಮಾಡಿಸಿದ್ರು, ಪುಣ್ಯ. ಕಾಂಕ್ರೀಟ್ ಆಗಿದ್ದಕ್ಕೇ ಬಿತ್ತು ಅಂತ ನಾನು ಹೇಳಲ್ಲ. ನೆಲವೇ ಜಾರಿದ್ರೆ ಯಾವ ಮನೆಯೂ ನಿಲ್ಲಲ್ಲ, ಕಾಠ್‌ಕುಣಿಯೂ ನಿಲ್ಲಲ್ಲ. ಆದ್ರೆ ಗುಡ್ಡ ಕಡಿದು, ಸಪಾಟು ಮಾಡಿ, ಅಷ್ಟು ಭಾರವನ್ನ ಅಷ್ಟು ಎತ್ತರಕ್ಕೆ ಪೇರಿಸೋ ಧೈರ್ಯ ಎಲ್ಲಿಂದ ಬಂತು? "ಪಕ್ಕಾ ಇದೆ, ಏನಾಗಲ್ಲ" ಅನ್ನೋ ಭರವಸೆಯಿಂದ. ಪದದ ಮೇಲೆ ನನಗೆ ಸಿಟ್ಟು ಇರೋದು ಇದಕ್ಕೇ.

ಈಗ ಇನ್ನೊಂದು ಪಾರ್ಟಿಯವರಿಗೆ ಬರ್ತೀನಿ. "ಅಯ್ಯೋ ಎಷ್ಟು ಚಂದದ ಮನೆ, ಏನೂ ಬದಲಾಯಿಸಬೇಡಿ" ಅನ್ನೋರು. ಬೆಂಗಳೂರಿನಿಂದ, ದಿಲ್ಲಿಯಿಂದ ಬರ್ತಾರೆ, ಜಗಲಿಯಲ್ಲಿ ದಾದಿಯನ್ನ ಕೂರಿಸಿ ಫೋಟೋ ಹೊಡೀತಾರೆ, ರಾತ್ರಿ ಹೋಗಿ ಜೀಭಿಯಲ್ಲಿ ಗಾಜಿನ ಗೋಡೆಯ ಕಾಟೇಜಿನಲ್ಲಿ ಎಲೆಕ್ಟ್ರಿಕ್ ಬ್ಲಾಂಕೆಟ್ ಹೊದ್ದು ಮಲಗ್ತಾರೆ. ಇವರ ಮೇಲೆ ನನಗೆ ಠೇಕೆದಾರರಿಗಿಂತ ಜಾಸ್ತಿ ಕೋಪ. ದಾದಿಯನ್ನ ಕೇಳಿ ನೋಡಿ, ಮನೆ ಬಗ್ಗೆ ಅವರ ದೂರುಗಳ ಪಟ್ಟಿ ಚಿಕ್ಕಪ್ಪನದ್ದಕ್ಕಿಂತ ಉದ್ದ ಇದೆ. ಬಾಗಿಲು ತಗ್ಗು, ದಿನಾ ತಲೆ ಕುಟ್ಟುತ್ತೆ. ಹೊಗೆಗೆ ಕಣ್ಣು ಹೋಯ್ತು. ಕತ್ತಲೆ. ಎಲ್ಲಕ್ಕಿಂತ ಮೇಲೆ, ರಾತ್ರಿ ಎರಡು ಗಂಟೆಗೆ ಹಿಮದಲ್ಲಿ ಏಣಿ ಇಳಿದು ಪಾಯಿಖಾನೆಗೆ ಹೋಗಬೇಕು, ಈ ಮಂಡಿ ಇಟ್ಟುಕೊಂಡು. ನಾನು ಮೊದಲ ದಿನ "ದಾದಿ, ನಿಮ್ಮ ಮನೆ ತುಂಬಾ ಚೆನ್ನಾಗಿದೆ" ಅಂದಿದ್ದಕ್ಕೆ ಅವರು ಕೊಟ್ಟ ಉತ್ತರ: "ಹಾಗಾದ್ರೆ ನೀನು ಇಲ್ಲೇ ಇರು ಬೇಟಾ, ನಾನು ಬೆಂಗಳೂರಿಗೆ ಹೋಗ್ತೀನಿ."

ಹಾಗಾಗಿ ನಾವು ಬದಲಾಯಿಸಿದ್ವಿ, ಮುಲಾಜಿಲ್ಲದೆ. ದಕ್ಷಿಣದ ಎರಡು ಕಿಟಕಿ ದೊಡ್ಡದಾಯ್ತು, ಎರಡು ಪದರದ ಗಾಜು ಬಂತು. ಅಡುಗೆ ಒಲೆಗೆ ಹೊಗೆ ಕೊಳವೆ. ಮನೆಗೆ ಅಂಟಿಕೊಂಡು, ಆದ್ರೆ ಹಳೇ ಗೋಡೆಗೆ ತಾಗದ ಹಾಗೆ ಒಂದು ಕೈ ಅಂತರ ಬಿಟ್ಟು, ಮೇಲಿನ ಜಗಲಿಯಿಂದಲೇ ಹೋಗೋ ಹಾಗೆ ಒಂದು ಬಚ್ಚಲು. ಅದರ ಅಡಿಪಾಯಕ್ಕೆ ಸಿಮೆಂಟ್ ಹಾಕಿದ್ದೀವಿ, ಮಧ್ಯಾಹ್ನದ ಬಿಸಿಲಲ್ಲಿ, ಬಿಸಿನೀರಲ್ಲಿ ಕಲಸಿ, ರಾತ್ರಿ ಹುಲ್ಲು ಹೊದಿಸಿ. ಸಿಮೆಂಟ್ ಮೇಲೆ ನನಗೆ ದ್ವೇಷ ಇಲ್ಲ ಕಣ್ರೀ, ಅದು ಇರಬೇಕಾದ ಕಡೆ ಇರಲಿ. ಕಪ್ಪು ಪೈಪಿನಲ್ಲಿ ಬರೋ ನೀರು ಹೆಪ್ಪುಗಟ್ಟದೆ ಇರಲಿ ಅಂತ ಊರವರೆಲ್ಲ ರಾತ್ರಿ ನಲ್ಲಿ ಸಣ್ಣಗೆ ಬಿಟ್ಟಿರ್ತಾರೆ, ಹರಿಯೋ ನೀರು ಬೇಗ ಗಟ್ಟಿಯಾಗಲ್ಲ. ನಾವೂ ಅದನ್ನೇ ಮಾಡಿದ್ವಿ.

ಬೆಂಕಿ? ಹೌದು, ಇದು ಸುಳ್ಳು ವಾದ ಅಲ್ಲ. 2008ರಲ್ಲಿ ಮಲಾಣಾ ಸುಟ್ಟಿತು, 2021ರಲ್ಲಿ ಮತ್ತೆ ಸುಟ್ಟಿತು. 2025ರ ಜನವರಿ 1ಕ್ಕೆ ಬಂಜಾರ್ ಹತ್ತಿರದ್ದೇ ತಾಂದಿ ಹಳ್ಳಿ. ಚಳಿಗಾಲದಲ್ಲಿ ಜಗಲಿ ತುಂಬಾ ಒಣಹುಲ್ಲು, ಮನೆಗಳು ಒತ್ತೊತ್ತು, ಅಗ್ನಿಶಾಮಕ ವಾಹನ ಬರೋಕೆ ರಸ್ತೆ ಇಲ್ಲ. ಊರವರ ಭಯಕ್ಕೆ ಆಧಾರ ಇದೆ. ಅದಕ್ಕೆ ಉತ್ತರ ಹುಲ್ಲನ್ನ ಬೇರೆ ಕಡೆ ಒಟ್ಟೋದು, ಹಳೇ ವೈರಿಂಗ್ ಕಿತ್ತು ಸರಿಯಾಗಿ ಹಾಕಿ ಟ್ರಿಪ್ ಸ್ವಿಚ್ ಕೂರಿಸೋದು, ತಂದೂರಿನ ಕೊಳವೆ ಮರ ದಾಟೋ ಕಡೆ ತಗಡು-ಕಲ್ಲಿನ ಕವಚ, ಊರಿಗೊಂದು ನೀರಿನ ತೊಟ್ಟಿ. ಮೊದಲ ಮೂರು ನಾವು ಮಾಡಿದ್ದೀವಿ. ನಾಲ್ಕನೆಯದು ಪಂಚಾಯ್ತಿ ಕೆಲಸ, ಅರ್ಜಿ ಕೊಟ್ಟಿದ್ದೀವಿ.

ಮರ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೊಸ ಕಾಠ್‌ಕುಣಿ ಮನೆಗೆ ಬೇಕಾದಷ್ಟು ದೇವದಾರು ಕಡಿಯೋಕೆ ಬಿಡಬಾರದು, ಬಿಡೋದೂ ಇಲ್ಲ. ಹಕ್ಕುದಾರರಿಗೆ ಅರಣ್ಯ ಇಲಾಖೆಯಿಂದ ಸಿಗೋದು ಮಿತಿಯಲ್ಲಿ, ಎಷ್ಟೋ ವರ್ಷಕ್ಕೊಮ್ಮೆ. ಅದಕ್ಕೇ ನಾನು ಹೊಸದಾಗಿ ಹೀಗೇ ಕಟ್ಟಿ ಅಂತ ಹೇಳ್ತಿಲ್ಲ. ಇರೋದನ್ನ ಕೆಡವಬೇಡಿ ಅಂತಿದ್ದೀನಿ. ಈಗಾಗಲೇ ಕಡಿದಾಗಿರೋ, ಇನ್ನೂ ಟಣ್ ಅನ್ನೋ ಮರ ಅದು.

"ನಿಂಗ್ಯಾಕಪ್ಪ ಹಿಮಾಚಲದ ಉಸಾಬರಿ" ಅಂತ ಕೇಳ್ತೀರಿ, ಗೊತ್ತು. ಅದೇ ಪಟ್ಟಿ ನಮ್ಮ ಮಲೆನಾಡಿನ ಮಣ್ಣಿನ ಗೋಡೆಯ ಮನೆಗೂ ಅನ್ವಯ ಆಗುತ್ತೆ. ನಮ್ಮಲ್ಲಿ ಹಿಮ ಇಲ್ಲ, ನಾಲ್ಕು ತಿಂಗಳು ಮಳೆ ಇದೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದು ಎರಡು ಮಳೆಗಾಲಕ್ಕೆ ಹೊಟ್ಟೆ ಉಬ್ಬಿ ಉದುರಿದ್ದನ್ನ ನೀವೆಲ್ಲ ನೋಡಿದ್ದೀರಿ. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ. ನಿಮ್ಮ ಕಡೆ ಅಂಥ ಗೋಡೆಯ ಸಿಮೆಂಟ್ ಕಿತ್ತು ಮತ್ತೆ ಮಣ್ಣೋ ಸುಣ್ಣವೋ ಮಾಡಿಸಿದವರಿದ್ರೆ ಖರ್ಚಿನ ಲೆಕ್ಕ ತಿಳಿಸಿ, ಬೇಕಾಗಿದೆ.

ದಾದಿ ಈ ಚಳಿಗಾಲ ಆ ಮನೆಯಲ್ಲೇ ಕಳೆದ್ರು. ಹೊಸ ಬಚ್ಚಲಿನ ಬಗ್ಗೆ ಅವರ ದೂರು ಒಂದೇ, ಟೈಲ್ಸ್ ಕಾಲಿಗೆ ತಣ್ಣಗಾಗುತ್ತೆ. ಚಿಕ್ಕಪ್ಪ ಮಾರ್ಚ್ ಮೊದಲ ವಾರ ಬಂದು ಉತ್ತರದ ಮೂಲೆಗೆ ತೂಕದ ಗುಂಡು ಬಿಟ್ಟು ನೋಡಿ, ಏನೂ ಹೇಳದೆ ಹೋದ್ರು. ಕೆಡವೋದು ನಿಂತಿದೆಯಾ, ಮುಂದೆ ಹೋಗಿದೆಯಾ ಅಂತ ಗೆಳೆಯನಿಗೂ ಸ್ಪಷ್ಟ ಇಲ್ಲ. ಠೇಕೆದಾರರು ಅಡ್ವಾನ್ಸ್ ಇನ್ನೂ ವಾಪಸ್ ಕೊಟ್ಟಿಲ್ಲ, ಅವರು ಇಳಿಸಿದ ಕಬ್ಬಿಣದ ಸರಳುಗಳು ಕಾಲುದಾರಿಯ ಬುಡದಲ್ಲಿ ಇನ್ನೂ ಬಿದ್ದಿವೆ.